ಮೋಡಿ ಕಾಗದ

ನಮ್ಮ ಟೀಮಿನ ಹುಡುಗನೊಬ್ಬ ಅಪ್ರೈಸಲ್ ತಿಂಗಳಲ್ಲಿ ಕೊರಳಿಗೆ ಹೊಸ ಪದಕ ಹಾಕ್ಕೊಂಡು ಬಂದ. ಒಂದು ನೆಟ್ಟನೆಯ ಗೀಟು, ಅದರ ಬಲಕ್ಕೆ ಮೇಲ್ಮುಖವಾಗಿ ಎರಡು ಕೊಂಬೆ. "ಇದು ರೂನ್ ಬ್ರೋ. ಫೆಹು ಅಂತ ಹೆಸರು. ಹಾಕ್ಕೊಂಡ್ರೆ ದುಡ್ಡು ಬರುತ್ತಂತೆ" ಅಂದ. ನಕ್ಕು ಸುಮ್ಮನಾದೆ. ಆದರೆ ಆ ಗೀಟು ತಲೆಯಿಂದ ಹೋಗಲಿಲ್ಲ. ರಾತ್ರಿ ಕೂತು ಓದಿದೆ.

ರೂನ್ ಅಂದ್ರೆ ಉತ್ತರ ಯುರೋಪಿನ ಜರ್ಮಾನಿಕ್ ಜನ ಸುಮಾರು 2ನೇ ಶತಮಾನದಿಂದ ಬಳಸಿದ ಲಿಪಿ. ಹಳೆಯ ವರ್ಣಮಾಲೆಯಲ್ಲಿ 24 ಅಕ್ಷರ. ಕಟ್ಟಿಗೆ, ಎಲುಬು, ಕಲ್ಲಿನ ಮೇಲೆ ಕೊರೆಯಬೇಕಲ್ಲ, ಅದಕ್ಕೇ ಹೆಚ್ಚಾಗಿ ನೇರ ಗೀಟುಗಳು. ಒಂದೊಂದು ಅಕ್ಷರಕ್ಕೂ ಅರ್ಥವಿರುವ ಹೆಸರು. ಮೊದಲನೆಯದೇ ಈ ಫೆಹು. ಅರ್ಥ ದನ, ಅದರಿಂದ ಸಂಪತ್ತು. ಸಂಸ್ಕೃತದ 'ಪಶು'ವಿಗೆ ದಾಯಾದಿ ಶಬ್ದ. ಜಮಖಂಡಿ ಕಡೆಯವನಾದ ನನಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಬಾಯಲ್ಲಿ ದನ, ಧನ ಎರಡೂ ಒಂದೇ.

ರೂನ್ ಶಬ್ದಕ್ಕೆ ಗುಟ್ಟು ಎಂಬ ಅರ್ಥವೂ ಇದೆ. ಮಂತ್ರ, ತಾಯಿತಕ್ಕೂ ಬಳಸಿದ್ದುಂಟು. ಆದರೆ ನಾರ್ವೆಯ ಬರ್ಗೆನ್‌ನಲ್ಲಿ 1955ರ ಬೆಂಕಿಯ ನಂತರ ನೆಲ ಅಗೆದಾಗ ರೂನ್ ಕೊರೆದ ನೂರಾರು ಕಟ್ಟಿಗೆ ತುಂಡು ಸಿಕ್ಕವು. ಎಷ್ಟೋ ತುಂಡುಗಳಲ್ಲಿ ಇದ್ದದ್ದು 'ಈ ಮಾಲು ಇಂಥವನದು' ಅನ್ನೋ ವ್ಯಾಪಾರದ ಚೀಟಿ. ನಮ್ಮ ಬನಹಟ್ಟಿಯ ಸೀರೆ ಗಂಟಿನ ಮೇಲೆ ಹೆಸರು ಬರೆದ ಹಾಗೆ. ಡೆನ್ಮಾರ್ಕಿನ ರಾಜ ಹೆರಾಲ್ಡ್ ಬ್ಲೂಟೂತ್ 10ನೇ ಶತಮಾನದಲ್ಲಿ ಅಪ್ಪ-ಅವ್ವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲಿರೋದೂ ರೂನೇ. ನಮ್ಮ ಫೋನಿನ ಬ್ಲೂಟೂತ್ ಗುರುತು ಅವನ ಹೆಸರಿನ ಎರಡು ರೂನ್ ಕೂಡಿಸಿದ್ದು. ಓದುವವರು ಇಲ್ಲವಾದ ಮೇಲೆ ಲೆಕ್ಕ-ಪತ್ರ ಮರೆತುಹೋಗಿ ಗುಟ್ಟು ಮಾತ್ರ ಉಳಿಯಿತು. ಈಗ ಭವಿಷ್ಯ ಹೇಳೋಕೆ ಮಾರುವ ರೂನ್ ಕಲ್ಲುಗಳ ಪದ್ಧತಿ ಬಹುಪಾಲು 20ನೇ ಶತಮಾನದ್ದು.

ಇದನ್ನು ಓದುವಾಗ ಊರಿನ ಮನೆಯ ದೇವರ ಜಗಲಿ ನೆನಪಾಯಿತು. ಅಲ್ಲಿ ಫೋಟೋದ ಹಿಂದೆ ಅರಿವೆಯಲ್ಲಿ ಸುತ್ತಿದ ಒಂದು ಕಾಗದ. ದೀಪಾವಳಿಗೆ ಅದಕ್ಕೂ ಕುಂಕುಮ. "ಮೋಡಿ ಕಾಗದ ಐತಿ, ಮುಟ್ಟಬ್ಯಾಡ" ಅಂತಿದ್ದಳು ಆಯಿ. ಮೋಡಿ ಅಂದ್ರೆ ಮಾಟ ಅಂದ್ಕೊಂಡು ನಾನು ದೂರ ನಿಲ್ಲುತ್ತಿದ್ದೆ.

ಮೋಡಿ ಅನ್ನೋದು ಮರಾಠಿಯನ್ನು ಲೇಖನಿ ಎತ್ತದೆ ಬೇಗ ಬೇಗ ಬರೆಯುವ ಲಿಪಿ ಅಂತ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಎರಡೂ ಮರಾಠಾ ಮನೆತನಗಳ ದಫ್ತರದ ಸಂಸ್ಥಾನಗಳು. 1948ರಲ್ಲಿ ಅವು ಮುಂಬೈ ಪ್ರಾಂತಕ್ಕೆ ಸೇರಿದವು. ಮೋಡಿ ಓದುವವರೂ ಒಬ್ಬೊಬ್ಬರೇ ಹೋದರು.

ಮುಂದಿನ ಸಲ ಊರಿಗೆ ಹೋದಾಗ ಕಾಗದದ ಫೋಟೋ ತಗೊಂಡು ರಬಕವಿಯ ಹಿರಿಯರೊಬ್ಬರ ಹತ್ತಿರ ಒಯ್ದೆ. ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. "ಸಾಲದ ಕಾಗದ ತಮ್ಮಾ. ನಿಮ್ಮ ಮುತ್ತ್ಯಾ ಜೋಡಿ ಎತ್ತು ಒತ್ತಿ ಇಟ್ಟಾನ. ಕೆಳಗ ನೋಡು, ಬ್ಯಾರೆ ಶಾಯಿ. ಸಾಲ ಮುಟ್ಟೈತಿ ಅಂತ ಬರದಾರ."

ಇಷ್ಟೇನಾ ಅನ್ನಿಸಿತು. ಆಯಿಗೆ ಹೇಳೋದೋ ಬ್ಯಾಡೋ ಅಂತ ಎರಡು ದಿನ ಸುಮ್ಮನಿದ್ದೆ. ಕಡೆಗೆ ಹೇಳಿದೆ. ಅವಳಿಗೇನೂ ಆಶ್ಚರ್ಯ ಆಗಲಿಲ್ಲ.

"ಅವರಿಗೂ ಓದಾಕ ಬರ್ತಿರಲಿಲ್ಲ. ಸಾಲ ಹರೀತು, ಎತ್ತು ಮನಿಗೆ ಬಂದ್ವು, ಅಷ್ಟಽ ಗೊತ್ತಿತ್ತು. ಅದಕ್ಕಽ ಜಗಲಿ ಮ್ಯಾಲ ಇಟ್ರು."

ಕಾಗದ ಈಗಲೂ ಅಲ್ಲೇ ಇದೆ, ಕುಂಕುಮವೂ ತಪ್ಪಿಲ್ಲ. ಅದರೊಳಗೆ ಏನಿದೆ ಅಂತ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಅದೇ ಅರಿವೆಯಲ್ಲಿ ಸುತ್ತಿಟ್ಟು ಬಂದಿದ್ದೇನೆ. ಮಗಳು ಈಗ ಒಂದನೇ ಇಯತ್ತೆ. ಇನ್ನೆರಡು ವರ್ಷಕ್ಕೆ ತಾನೇ ಬಿಚ್ಚಿ ಓದಿಕೊಳ್ಳುತ್ತಾಳೆ.