ಬದನವಾಳಿನ ಚರಕಗಳು

ಚಾಮರಾಜನಗರದ ಬದನಗುಪ್ಪೆಯಿಂದ ನಂಜನಗೂಡಿನ ಕಡೆ ಹೊರಟರೆ ದಾರಿಯಲ್ಲಿ ಬದನವಾಳು ಸಿಗುತ್ತದೆ. ನಗರದ ಬಟ್ಟೆ ಅಂಗಡಿಗಳಲ್ಲಿ ಅಂದಕ್ಕೆಂದು ಹಳೆಯ ಚರಕ ಇಟ್ಟಿರುವುದನ್ನು ನೀವು ನೋಡಿರಬಹುದು. ಇಲ್ಲಿನ ಖಾದಿ ಕೇಂದ್ರದಲ್ಲಿ ಅದೇ ಚರಕ ಹೆಂಗಸರಿಗೆ ಅನ್ನ ಕೊಟ್ಟಿದೆ. 1920ರ ದಶಕದಲ್ಲಿ ಆರಂಭವಾದ ಈ ಕೇಂದ್ರಕ್ಕೆ ಗಾಂಧೀಜಿಯೂ ಬಂದಿದ್ದರು. ಕಾಲಕ್ರಮೇಣ ಕಟ್ಟಡಗಳು ಶಿಥಿಲವಾದವು. 2015ರಲ್ಲಿ ರಂಗಕರ್ಮಿ ಪ್ರಸನ್ನ ಇಲ್ಲಿಯೇ ಸತ್ಯಾಗ್ರಹ ಕುಳಿತು ಕೈಕಸುಬಿನ ಪರ ದನಿಯೆತ್ತಿದರು.

ಹಂಜಿ ನೂಲಾಗಿ, ನೂಲು ಲಡಿಯಾಗಿ, ಮಗ್ಗಕ್ಕೇರಿ ಖಾದಿಯಾಗುತ್ತದೆ. ನೂಲುವವರಿಗೆ ಕೂಲಿ ಲಡಿಯ ಲೆಕ್ಕದಲ್ಲಿ. ಮಗುವಿಗೆ ಜ್ವರ ಬಂದು ತಾಯಿಯ ಕೈ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆ. ಹಬ್ಬದ ಬಟ್ಟೆಗೆ ಚೌಕಾಶಿ ಮಾಡುವ ಮುನ್ನ, ಸಹೋದರಿಯರೇ, ಅದನ್ನು ನೂತ ಕೈಗಳಿಗೆ ಎಷ್ಟು ಸಿಕ್ಕೀತು ಎಂದು ಒಮ್ಮೆ ಯೋಚಿಸೋಣ.