ಮೂರು ರೂಪಾಯಿಯ ಲಾಭ

“ದಿನಕ್ಕೆ ಮೂರು ರೂಪಾಯಿ ಉಳಿಸೋದಕ್ಕೆ ಮನೆ ಸೊಸೆ ಬೈಕು ಹತ್ತಬೇಕೇನೇ?”

ಅತ್ತೆ ಹೀಗೆ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಕಾಗದ, ಪೆನ್ಸಿಲ್ಲು ಹಿಡಿದು ಲೆಕ್ಕ ಹಾಕಿ ತೋರಿಸಿದವಳು ನಾನೇ ಆಗಿದ್ದೆ.

ಇದು 1998ರ ಮಾತು. ನಮ್ಮ ಮನೆ ಶಿವಮೊಗ್ಗದಲ್ಲಿ. ನಾನು ಪಾಠ ಹೇಳುತ್ತಿದ್ದ ಶಾಲೆ ಆಯನೂರಿನಿಂದ 3 ಕಿಲೋಮೀಟರು ಒಳಗಿನ ಹಳ್ಳಿಯಲ್ಲಿ. ಒಟ್ಟು 21 ಕಿಲೋಮೀಟರು. ಅಡಿಗೆ, ಡಬ್ಬಿ, ಮಗಳ ಎರಡು ಜಡೆ ಎಲ್ಲ ಮುಗಿಸಿ ಹೊರಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಆಟೋ 10 ರೂಪಾಯಿ, ಬಸ್ಸಿಗೆ ಹೋಗುವಾಗ 5, ಬರುವಾಗ 5. ಆಯನೂರಿನಿಂದಾಚೆ ಕಾಲ್ನಡಿಗೆ. ಬಸ್ಸು ತಪ್ಪಿದರೆ ಅರ್ಧ ದಿನದ ರಜೆ ಹೋಯಿತೆಂದೇ ಲೆಕ್ಕ. ಸಂಜೆ ಕಂಬಿಗೆ ಜೋತುಬಿದ್ದು ಮನೆ ಸೇರುವಾಗ ಏಳು ಗಂಟೆ. ಮಗಳು ಕಾಪಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿರುತ್ತಿದ್ದಳು.

ಚೀಟಿ ಎತ್ತಿದ 18,000 ರೂಪಾಯಿ ಕೈಗೆ ಬಂತು. ಒಂದು ಮೊಪೆಡ್ ಸಾಕು ಎಂದರು ನಮ್ಮವರು. ಬೀದಿಯ ಕೊನೆಯ ಗ್ಯಾರೇಜಿನ ಹುಡುಗ ಒಪ್ಪಲಿಲ್ಲ. “ಮೊಪೆಡ್ಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು ಮೇಡಂ. ಸ್ಕೂಟರಿನ ಸಣ್ಣ ಚಕ್ರ ಮಳೆಗಾಲದಲ್ಲಿ ನಿಮ್ಮ ಹಳ್ಳಿ ದಾರಿಯ ಕೆಸರಲ್ಲಿ ಹೂತುಹೋಗುತ್ತೆ. ಫೋರ್ ಸ್ಟ್ರೋಕ್ ಬೈಕು ತಗೊಳ್ಳಿ, ಲೀಟರಿಗೆ 60 ಕೊಡುತ್ತೆ” ಎಂದ. ನಾನು ಲೆಕ್ಕ ಹಾಕಿದೆ. ಹೋಗಿಬರಲು 42 ಕಿಲೋಮೀಟರು, ಮುಕ್ಕಾಲು ಲೀಟರಿಗೆ ತುಸು ಕಡಿಮೆ. ಆಗಿನ ದರದಲ್ಲಿ ಸುಮಾರು 17 ರೂಪಾಯಿ. ಇಪ್ಪತ್ತರಲ್ಲಿ ಹದಿನೇಳು ಕಳೆದರೆ ಮೂರು!

ನಾಲ್ಕು ವರ್ಷ ಹಳೆಯದಾದ ಹೀರೋ ಹೋಂಡಾ ಸಿಡಿ 100 ಒಂದು ಸಿಕ್ಕಿತು. ಗ್ಯಾರೇಜಿನ ಹುಡುಗ ಎಂಜಿನ್ ತಣ್ಣಗಿರುವಾಗಲೇ ಕಿಕ್ ಹೊಡೆದು ನೋಡಿದ. ಬಿಸಿ ಮಾಡಿಟ್ಟ ಗಾಡಿ ತನ್ನ ರೋಗ ಮುಚ್ಚಿಡುತ್ತದಂತೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೂ ಹೇಳಿಕೊಟ್ಟ. ಆರ್‌ಸಿ ಪುಸ್ತಕದಲ್ಲಿದ್ದ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಗಾಡಿಯ ಮೇಲಿನ ನಂಬರುಗಳೊಂದಿಗೆ ತಾಳೆ ನೋಡಿ, ಫಾರಂ 29 ಮತ್ತು 30ಕ್ಕೆ ಮಾರಿದವರ ಸಹಿ ಹಾಕಿಸಿಕೊಂಡ ಮೇಲೆಯೇ ನಾನು ಹಣ ಎಣಿಸಿದ್ದು. ಹಳೆಯ ಗಾಡಿ ಕೊಳ್ಳುವ ಅಕ್ಕತಂಗಿಯರು ಇಷ್ಟನ್ನಾದರೂ ಮರೆಯಬಾರದು.

ಬೆಳಗಿನ ಜಾವ ಐದೂವರೆಗೆ ಮೈದಾನದಲ್ಲಿ ಪಾಠ ಶುರುವಾಯಿತು. ಮಕ್ಕಳಿಗೆ ಮಗ್ಗಿ ಕಲಿಸುವವಳಿಗೆ ಕ್ಲಚ್ಚು ಬಿಡುವ ಹದ ತಿಳಿಯಲು ಹದಿನೈದು ದಿನ ಬೇಕಾಯಿತು. ಎರಡು ಸಲ ಬಿದ್ದೆ. “ಗಾಡಿಗೇನೂ ಆಗಿಲ್ಲ ತಾನೇ?” ಎಂದು ನಮ್ಮವರು ಓಡಿಬಂದದ್ದನ್ನು ನಾನು ಈಗಲೂ ಮರೆತಿಲ್ಲ. ಎಲ್‌ಎಲ್ ಆಗಿ ಒಂದು ತಿಂಗಳು ಕಳೆದ ಮೇಲೆ ಆರ್‌ಟಿಓ ಸಾಹೇಬರ ಮುಂದೆ ಎಂಟು ಹಾಕಿ ಗೇರ್ ಗಾಡಿಯ ಲೈಸೆನ್ಸು ಪಡೆದೆ.

ನಿಜವಾದ ಪರೀಕ್ಷೆ ಶಾಲೆಯಲ್ಲಿ ಕಾದಿತ್ತು. ಸೀರೆ ಉಟ್ಟು ಬೈಕು ಓಡಿಸಲಾಗದು. ಚೂಡಿದಾರ ತೊಟ್ಟು ಶಾಲೆಯ ಅಂಗಳದಲ್ಲಿ ಇಳಿದ ದಿನ ಮುಖ್ಯೋಪಾಧ್ಯಾಯರು ನೆಲ ನೋಡುತ್ತಾ, “ಮಕ್ಕಳ ಎದುರಿಗೆ ಸೀರೆಯೇ ಚೆಂದ, ಟೀಚರೇ” ಎಂದರು. ಆ ನಿಯಮ ಎಲ್ಲಿ ಬರೆದಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ವಾದಕ್ಕಿಳಿದರೆ ಗಾಡಿಯೇ ಮೂಲೆ ಸೇರೀತೆಂಬ ಭಯ ಬೇರೆ. ಮರುದಿನದಿಂದ ಚೀಲದಲ್ಲಿ ಸೀರೆ ಮಡಿಚಿಟ್ಟುಕೊಂಡು ಹೋಗಿ, ಉಗ್ರಾಣದ ಅಕ್ಕಿ ಮೂಟೆಗಳ ನಡುವೆ ನಿಂತು ಉಡತೊಡಗಿದೆ. ಎರಡು ವರ್ಷ ಹಾಗೆಯೇ ನಡೆಯಿತು. ಆಮೇಲೆ ಹೊಸದಾಗಿ ಬಂದ ಟೀಚರು ಚೂಡಿದಾರದಲ್ಲಿಯೇ ತರಗತಿಗೆ ನಡೆದಳು. ಯಾರೂ ಏನೂ ಅನ್ನಲಿಲ್ಲ. ಅವಳ ಹಿಂದೆ ನಾನೂ ನಡೆದೆ. ಮೊದಲೇ ಏಕೆ ನಡೆಯಲಿಲ್ಲ ಎಂಬ ನಾಚಿಕೆ ಮಾತ್ರ ಉಳಿಯಿತು.

ಇನ್ನು ಆ ಮೂರು ರೂಪಾಯಿ? ಒಂದು ಪೈಸೆಯೂ ಕೈಯಲ್ಲಿ ನಿಲ್ಲಲಿಲ್ಲ. ಆಯಿಲ್ ಬದಲಾವಣೆ, ಟೈರು, ವಿಮೆ ಎಲ್ಲ ಸೇರಿ ಅದನ್ನು ನುಂಗಿ, ಮೇಲಿಷ್ಟು ಕೇಳಿದವು. ಆದರೆ ಶಾಲೆ ಬಿಟ್ಟ ಮುಕ್ಕಾಲು ಗಂಟೆಗೆ ನಾನು ಮನೆಯಲ್ಲಿರುತ್ತಿದ್ದೆ. ಮಗಳು ಎಚ್ಚರವಾಗಿರುತ್ತಿದ್ದಳು. ಜಗಲಿಯ ಮೇಲೆ ಕೂತು, ಬೆಳಕಿರುವಾಗಲೇ, ಅವಳ ಕಾಪಿ ಪುಸ್ತಕ ನೋಡುತ್ತಿದ್ದೆ. ಇದನ್ನು ಬರೆದಿಡಲು ನನ್ನ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಈಗ ಪೆಟ್ರೋಲು ಲೀಟರಿಗೆ 100 ರೂಪಾಯಿ ದಾಟಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಬರೀ ದುಡ್ಡಿನ ಲೆಕ್ಕವಾದರೆ ಇಂದು ನನ್ನ ಬೈಕು ಸೋತಂತೆಯೇ. ಹೊತ್ತಿಗೆ ಸರಿಯಾಗಿ ಬಸ್ಸು ಬರುವ ಊರಿನವರು ಬಸ್ಸೇ ಹತ್ತಲಿ. ಬಾರದ ಊರಿನವರು ಹಣದ ಜೊತೆಗೆ ಗಂಟೆಗಳನ್ನೂ ಎಣಿಸಲಿ.

ಗಾಡಿ ಬಂದ ಎರಡನೆಯ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮತ್ತೆ ತೋರಿಸಲು ಹೋಗಬೇಕಾದ ದಿನ ನಮ್ಮವರು ಊರಲ್ಲಿರಲಿಲ್ಲ. ಆಟೋ ಒಂದೂ ಸಿಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಒಂದು ಗಳಿಗೆ ಬೈಕನ್ನೇ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೀರೆ ಚಕ್ರಕ್ಕೆ ಸಿಕ್ಕದಂತೆ ಹಿಂದೆ ಜಾಲರಿ ಇದೆಯೇ ಎಂದು ಮುಟ್ಟಿ ನೋಡಿ, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತು, ನನ್ನ ಭುಜ ಬಿಗಿಯಾಗಿ ಹಿಡಿದರು. ದಾರಿಯುದ್ದಕ್ಕೂ “ನಿಧಾನ ಕಣೇ, ನಿಧಾನ” ಎನ್ನುತ್ತಿದ್ದರು.

ವಾಪಸು ಬಂದಾಗ ಪಕ್ಕದ ಮನೆಯವರು, “ಆಟೋದವನು ಎಷ್ಟು ತಗೊಂಡ?” ಎಂದು ಕೇಳಿದರು.

“ಆಟೋ ಯಾಕ್ರೀ?” ಎಂದರು ಅತ್ತೆ. “ನಮ್ಮ ಸೊಸೇದೇ ಗಾಡಿ ಇದೆಯಲ್ಲ!”