ಹಿಮದೂರಿನಲ್ಲಿ ನಾಲ್ಕು ಟೈರ್

ಡೆನ್ವರ್ ನಗರಕ್ಕೆ ನಾವು ಹೋದದ್ದು ಮೊಮ್ಮಗನನ್ನು ನೋಡಿಕೊಳ್ಳಲು. ಮಗಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಅಳಿಯನಿಗೆ ಹಗಲಿನ ಕೆಲಸ. ನಾಲ್ಕು ವರ್ಷದ ಹುಡುಗನನ್ನು ಕೈಯಿಂದ ಕೈಗೆ ದಾಟಿಸುತ್ತಾ ಇಬ್ಬರೂ ದಣಿದುಹೋಗಿದ್ದರು. 2023ರ ಸೆಪ್ಟೆಂಬರ್ ಮೊದಲ ವಾರ ತಲುಪಿದ ನಾವು ಮರುವರ್ಷ ಫೆಬ್ರವರಿ ಕೊನೆಗೆ ಮೂಡಿಗೆರೆಗೆ ಹಿಂದಿರುಗಿದೆವು. ಅಮೆರಿಕಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಎತ್ತರದ ಕಟ್ಟಡಗಳ ಬಗ್ಗೆ, ದೊಡ್ಡ ಅಂಗಡಿಗಳ ಬಗ್ಗೆ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಟೈರ್. ನಗಬೇಡಿ, ಹೇಳುತ್ತೇನೆ.

ಡೆನ್ವರ್ ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ, ಅಂದರೆ ಸರಿಯಾಗಿ ಒಂದು ಮೈಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಅಡಿಯಷ್ಟೇ ಕೆಳಗೆ. ಆದರೆ ಊರು ಮಾತ್ರ ಚಪ್ಪಟೆ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ರಾಕಿ ಪರ್ವತಗಳು ಗೋಡೆಯಂತೆ ಕಾಣುತ್ತವೆ. ರಜೆ ಸಿಕ್ಕಿತೆಂದರೆ ಊರಿಗೆ ಊರೇ ಆ ಗೋಡೆಯ ಕಡೆಗೆ ಹೊರಡುತ್ತದೆ.

ನಾವೂ ಹೊರಟೆವು. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಅಲ್ಲಿ ಆಸ್ಪೆನ್ ಮರಗಳ ಎಲೆ ಹಳದಿಯಾಗುತ್ತದೆ. ಅದನ್ನು ನೋಡಲು ಕೆನೋಶಾ ಘಾಟಿ ಹತ್ತಿ, ಕೋಮೋ ಎಂಬ ಪುಟ್ಟ ಊರಿನ ಬಳಿ ಬಲಕ್ಕೆ ತಿರುಗಿ, ಬೋರಿಯಸ್ ಘಾಟಿಯ ಮಣ್ಣಿನ ರಸ್ತೆ ಹಿಡಿದೆವು. ಇದು ಮೊದಲು ರೈಲು ಹಳಿ ಇದ್ದ ದಾರಿ. ಬೆಳ್ಳಿ, ಚಿನ್ನದ ಗಣಿಗಳ ಕಾಲದಲ್ಲಿ ಕಿರಿದಾದ ಹಳಿಯ ಮೇಲೆ ಉಗಿಬಂಡಿ ಏರುತ್ತಿತ್ತು. 1937ರಲ್ಲಿ ರೈಲು ನಿಂತಿತು, ಆಮೇಲೆ ಹಳಿ ಕಿತ್ತು ರಸ್ತೆ ಮಾಡಿದರು. ನೆತ್ತಿಯಲ್ಲಿ 1882ರಲ್ಲಿ ರೈಲ್ವೆ ಕೆಲಸಗಾರರಿಗಾಗಿ ಕಟ್ಟಿದ ಮರದ ಮನೆ ಇನ್ನೂ ಇದೆ. ಎತ್ತರ 11,000 ಅಡಿಗೂ ಮೇಲೆ. ರೈಲಿನ ದಾರಿಯಾದ್ದರಿಂದ ಏರು ಕಡಿದಲ್ಲ. ಒಣ ಹವೆಯಲ್ಲಿ ಸಾಧಾರಣ ಕಾರೂ ಹೋಗುತ್ತದೆ. ಚಳಿಗಾಲದಲ್ಲಿ ಮುಚ್ಚುತ್ತಾರೆ.

ನೆತ್ತಿಗೆ ಇನ್ನೂ ಎರಡು ಮೈಲಿ ಇರುವಾಗ ಎದುರಿನ ಗಾಡಿಗೆ ದಾರಿ ಬಿಡಲು ಅಳಿಯ ಅಂಚಿಗೆ ಸರಿದ. ಏನೋ ‘ಟಪ್’ ಎಂದಿತು. ಇಳಿದು ನೋಡಿದರೆ ಬಲಗಡೆಯ ಹಿಂದಿನ ಟೈರಿನ ಪಕ್ಕೆ, ಚೂರಿಯಲ್ಲಿ ಸೀಳಿದ ಹಾಗೆ ಎರಡು ಬೆರಳು ಅಗಲ ತೆರೆದುಕೊಂಡಿತ್ತು. ಚೂಪು ಕಲ್ಲು. ನಮ್ಮ ಯಜಮಾನರು ಕುಕ್ಕರಗಾಲಲ್ಲಿ ಕುಳಿತು, ಆ ಎತ್ತರದಲ್ಲಿ ಏದುಸಿರು ಬಿಡುತ್ತಾ, “ಇದೇನು ಟೈರೋ ಬಲೂನೋ?” ಎಂದರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು ಅವರು. ಮಳೆಗಾಲದ ಕೆಸರಿನಲ್ಲಿ ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟಿ ಕಾಫಿ ಮೂಟೆ ಇಳಿಸಿದವರು.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಸೈಕಲ್ ಚಕ್ರದಷ್ಟು ಸಪೂರ. ಅದನ್ನು ಹಾಕಿದರೆ ಗಂಟೆಗೆ 50 ಮೈಲಿ ಮೀರುವಂತಿಲ್ಲ ಎಂದು ಅದರ ಮೇಲೆಯೇ ಬರೆದಿದೆ. ಬ್ರೆಕೆನ್‌ರಿಜ್ ಊರಿಗೆ ಇಳಿದು, ಐ-70 ಹೆದ್ದಾರಿ ಸೇರಿ, 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗದ ಮೂಲಕ, ಲಾರಿಗಳ ಸಾಲಿನಲ್ಲಿ ಆಮೆಯಂತೆ ಮನೆ ಸೇರುವಾಗ ಕತ್ತಲಾಗಿತ್ತು. ಮಗಳು ಹಾಗೆಯೇ ಪಾಳಿಗೆ ಹೊರಡಬೇಕಿತ್ತು. ಸಹೋದ್ಯೋಗಿಯೊಬ್ಬರು ಬಂದು ಕರೆದುಕೊಂಡು ಹೋದರು.

ಮರುದಿನ ಟೈರ್ ಅಂಗಡಿ. ಅಲ್ಲಿನ ಮುದುಕ ನೋಡಿದವನೇ ತಲೆ ಅಲ್ಲಾಡಿಸಿದ. ಪಕ್ಕೆಯಲ್ಲಿ ಸೀಳಿದ ಟೈರಿಗೆ ತೇಪೆ ಹಾಕುವಂತಿಲ್ಲ. ನಮ್ಮೂರಿನಲ್ಲಾದರೆ ಒಳಗಿನಿಂದ ಹಳೆ ಟೈರಿನ ತುಂಡು ಇಟ್ಟು ಇನ್ನೊಂದು ಮಳೆಗಾಲ ಓಡಿಸುತ್ತಿದ್ದರೇನೋ. ಅದು ಎಷ್ಟು ಅಪಾಯ ಎಂದು ಈಗ ಅನಿಸುತ್ತದೆ. ಇನ್ನೊಂದು ಸುದ್ದಿ ಹೆಚ್ಚು ಕಹಿ. ಕಾರು ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು. ಒಂದು ಹೊಸದು, ಮೂರು ಸವೆದದ್ದು ಹಾಕಿದರೆ ಸುತ್ತಳತೆ ಬೇರೆಯಾಗಿ ಒಳಗಿನ ಗೇರುಗಳಿಗೆ ಪೆಟ್ಟು. ನಾಲ್ಕನ್ನೂ ಬದಲಾಯಿಸಬೇಕು. ಸಾವಿರ ಡಾಲರಿನ ಹತ್ತಿರ. ಯಜಮಾನರು ಅಲ್ಲೇ ಬೆರಳು ಮಡಚಿ ರೂಪಾಯಿಗೆ ತಿರುಗಿಸಿ ಎಂಬತ್ತು ಸಾವಿರ ದಾಟಿದಾಗ ಲೆಕ್ಕ ನಿಲ್ಲಿಸಿದರು.

ಆ ಹಣ ಮುಂದಿನ ಬೇಸಿಗೆಗೆ ಊರಿಗೆ ಬರುವ ಟಿಕೆಟ್ಟಿಗೆಂದು ಅಳಿಯ ಕೂಡಿಟ್ಟದ್ದು. ಅಗ್ಗದ್ದೇ ಯಾವುದಾದರೂ ಹಾಕೋಣ, ಬೆಟ್ಟಕ್ಕೆ ಹೋಗುವುದನ್ನು ಬಿಟ್ಟರಾಯಿತು ಎಂಬುದು ಅವನ ವಾದ. ಯಜಮಾನರ ಕಣ್ಣು ಮಾತ್ರ ಗೋಡೆಗೆ ಒರಗಿಸಿದ್ದ, ಅಂಗೈ ಅಗಲದ ಬಟನ್‌ಗಳಿದ್ದ ರಾಕ್ಷಸ ಟೈರಿನ ಮೇಲೆ. “ಇದು ಹಾಕಿದರೆ ಹಿಮವೂ ಒಂದೇ, ಕೆಸರೂ ಒಂದೇ” ಎಂದರು. ಮಗಳು ಸುಮ್ಮನಿದ್ದಳು. ಕೊನೆಗೆ, “ಅಬ್ಬಾ, ಬೆಳಿಗ್ಗೆ ಏಳೂವರೆಗೆ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರುವವಳು ನಾನು. ಕೆಸರು ಎಲ್ಲಿದೆ? ನನ್ನ ದಾರಿಯಲ್ಲಿ ಇರುವುದು ಡಾಂಬರು, ಹಿಮ ಮತ್ತು ಬೆಳಗಿನ ಗಾಜಿನಂಥ ಮಂಜುಗಡ್ಡೆ” ಎಂದಳು.

ಅಂಗಡಿಯ ಮುದುಕ ಇದನ್ನೆಲ್ಲ ಅರ್ಥವಾಗದಿದ್ದರೂ ಕೇಳಿ, ಒಂದೇ ಪ್ರಶ್ನೆ ಹಾಕಿದ. ವರ್ಷದ 365 ದಿನಗಳಲ್ಲಿ ಡಾಂಬರಿನಿಂದ ಕೆಳಗೆ ಇಳಿಯುವುದು ಎಷ್ಟು ದಿನ? ಅಳಿಯ ಯೋಚಿಸಿ ಹತ್ತು ಎಂದ. ಹೆಚ್ಚೆಂದರೆ ಹನ್ನೆರಡು. ಆಮೇಲೆ ಮುದುಕ ಅರ್ಧ ಗಂಟೆ ಪಾಠ ಮಾಡಿದ. ಮಗಳು ಹೇಳಿದ್ದನ್ನು, ಮನೆಗೆ ಬಂದು ಅಳಿಯ ಓದಿ ಹೇಳಿದ್ದನ್ನು ಸೇರಿಸಿ, ನನಗೆ ತಿಳಿದಷ್ಟು ಬರೆಯುತ್ತೇನೆ.

ಡಿಸೆಂಬರ್ ಮುಂಜಾವಿನಲ್ಲಿ ನಮ್ಮ ಅಡುಗೆಮನೆಯ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ರಬ್ಬರಿನದ್ದೂ ಅದೇ ಕಥೆ. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬೇಸಿಗೆಯ ಟೈರಿನ ರಬ್ಬರ್ ಬಿಗಿಯಾಗುತ್ತದೆ, ರಸ್ತೆಯನ್ನು ಹಿಡಿಯುವುದಿಲ್ಲ. ಚಳಿಗಾಲದ ಟೈರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗಿರುವಂತೆ ಬೆರೆಸಿರುತ್ತಾರೆ. ಎರಡನೆಯದು ಸೀಳುಗಳು. ಟೈರಿನ ಬಟನ್‌ಗಳ ಮೇಲೆ ಕೂದಲೆಳೆಯಂಥ ಗೀರುಗಳಿರುತ್ತವೆ. ಇವಕ್ಕೆ ಸೈಪ್ ಎನ್ನುತ್ತಾರೆ. ರಬ್ಬರ್ ಅಟ್ಟೆಗೆ ಇಂಥ ಸೀಳು ಹಾಕಿ 1923ರಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್ ಎಂಬವರ ಹೆಸರು ಅದು. ಈ ಗೀರುಗಳ ನೂರಾರು ಅಂಚುಗಳೇ ಹಿಮವನ್ನು ಕಚ್ಚುವುದು. ಮೊಮ್ಮಗ ಹಿಮವನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡುವುದನ್ನು ನೋಡಿದಾಗ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಹಿಮಕ್ಕೆ ಹಿಮವೇ ಅಂಟುವುದು. ಟೈರಿನ ಸಂದಿಯಲ್ಲಿ ಸ್ವಲ್ಪ ಹಿಮ ತುಂಬಿಕೊಂಡರೆ ನೆಲದ ಹಿಮವನ್ನು ಅದು ಹಿಡಿದುಕೊಳ್ಳುತ್ತದೆ. ಯಜಮಾನರ ರಾಕ್ಷಸ ಟೈರು ಕೆಸರನ್ನು ಎಸೆಯಲು ಮಾಡಿದ್ದು. ಅದರ ಬಟನ್ ದೊಡ್ಡದು, ಗೀರು ಕಡಿಮೆ. ಹೂತುಹೋಗುವಷ್ಟು ಕೆಸರಿನಲ್ಲಿ ಅದು ಹುಲಿ. ಮಂಜುಗಡ್ಡೆಯ ಮೇಲೆ ಜಾರುಬಂಡಿ.

ಇವೆರಡರ ನಡುವಿನದು ಆಲ್-ಟೆರೈನ್. ಬಿಎಫ್ ಗುಡ್ರಿಚ್ ಕಂಪೆನಿ 1976ರಲ್ಲಿ ಈ ಹೆಸರಿನ ಟೈರನ್ನು ಮಾರುಕಟ್ಟೆಗೆ ತಂದಿತು. ಈಗ ಎಲ್ಲ ಕಂಪೆನಿಗಳೂ ಮಾಡುತ್ತವೆ. ಆದರೆ ಹೆಸರು ಒಂದೇ ಇದ್ದ ಮಾತ್ರಕ್ಕೆ ಗುಣ ಒಂದೇ ಅಲ್ಲ. ಪಕ್ಕೆಯಲ್ಲಿ ಎಂ+ಎಸ್ ಎಂದು ಬರೆದಿದ್ದರೆ ಕೆಸರು ಮತ್ತು ಹಿಮ ಎಂದರ್ಥ. ಅದು ಬಟನ್‌ಗಳ ನಡುವಿನ ಸಂದಿ ಎಷ್ಟಿದೆ ಎಂಬುದನ್ನು ನೋಡಿ ಕಂಪೆನಿಯೇ ಹಾಕಿಕೊಳ್ಳುವ ಗುರುತು, ಪರೀಕ್ಷೆ ಇಲ್ಲ. ಇನ್ನೊಂದು ಗುರುತಿದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. 1999ರಲ್ಲಿ ಬಂದ ಈ ಚಿತ್ರ ಬೇಕಾದರೆ ಟೈರು ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಮಾನದಂಡಕ್ಕೆಂದು ಇಟ್ಟುಕೊಂಡ ಟೈರಿಗಿಂತ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು ಹಿಡಿತ ತೋರಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಆ ಪರೀಕ್ಷೆ ಮುಂದಕ್ಕೆ ಚಲಿಸುವಾಗಿನ ಹಿಡಿತದ್ದು. ಬ್ರೇಕು, ತಿರುವು, ಮಂಜುಗಡ್ಡೆ ಅದರಲ್ಲಿಲ್ಲ. ಆಲ್ ವೀಲ್ ಡ್ರೈವ್ ಕೂಡ ಗಾಡಿಯನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ದೊಡ್ಡ ಗಾಡಿ ಇದೆಯೆಂದು ಹಿಮದಲ್ಲಿ ನುಗ್ಗಿ ಚರಂಡಿಯಲ್ಲಿ ಮಲಗಿದವರನ್ನು ಆ ಚಳಿಗಾಲದಲ್ಲಿ ಎಷ್ಟೋ ಸಲ ನೋಡಿದೆವು.

ಹಾಗಾದರೆ ಚಳಿಗಾಲಕ್ಕೆಂದೇ ಬೇರೆ ನಾಲ್ಕು ಟೈರು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ? ಒಳ್ಳೆಯದೇ. ಮಂಜುಗಡ್ಡೆಯ ಮೇಲೆ ಅವಕ್ಕೆ ಸಾಟಿಯಿಲ್ಲ. ಮಗಳು 10,000 ಅಡಿ ಎತ್ತರದ ಲೆಡ್‌ವಿಲ್‌ನಂಥ ಊರಿನಲ್ಲಿದ್ದರೆ ನಾನೇ ಹಟ ಹಿಡಿದು ಕೊಡಿಸುತ್ತಿದ್ದೆ. ಆದರೆ ಡೆನ್ವರಿನ ಹಿಮ ವಿಚಿತ್ರ. ರಾತ್ರಿ ಬಿದ್ದದ್ದು ಎಷ್ಟೋ ಸಲ ಮರುದಿನದ ಬಿಸಿಲಿಗೆ ಕರಗಿ ನೀರಾಗುತ್ತದೆ. ಜನವರಿಯಲ್ಲೂ ಒಣ ರಸ್ತೆಯ ದಿನಗಳೇ ಹೆಚ್ಚು. ಆ ಮೆತ್ತನೆಯ ರಬ್ಬರ್ ಒಣ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಮೇಲಾಗಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ನಾಲ್ಕು ಟೈರು ಎಲ್ಲಿಡುವುದು? ಮಂಚದ ಕೆಳಗೆ ನಮ್ಮ ಸೂಟ್‌ಕೇಸುಗಳಿಗೇ ಜಾಗವಿರಲಿಲ್ಲ.

ಕೊನೆಗೆ ಆರಿಸಿದ್ದು ಬೆಟ್ಟ-ಹಿಮದ ಗುರುತಿರುವ ಹಗುರ ಜಾತಿಯ ಆಲ್-ಟೆರೈನ್. ಇದರಲ್ಲೂ ಎರಡು ಬಗೆ. ನಂಬರಿನ ಮೊದಲು ಎಲ್‌ಟಿ ಎಂದಿದ್ದರೆ ಭಾರ ಹೊರುವ ಪಿಕಪ್ ಗಾಡಿಗಳದ್ದು. ಪಕ್ಕೆ ದಪ್ಪ, ತೂಕ ಹೆಚ್ಚು, ಗಾಳಿಯೂ ಹೆಚ್ಚು ತುಂಬಬೇಕು. ಸಣ್ಣ ಕಾರಿಗೆ ಹಾಕಿದರೆ ಎತ್ತಿನಗಾಡಿಯಂತೆ ಕುಲುಕುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಸಣ್ಣ ಎಸ್‌ಯುವಿಗಳಿಗೆಂದೇ ಮಾಡಿದ ಹಗುರದವೂ ಇವೆ. ಫಾಲ್ಕನ್‌ನ ವೈಲ್ಡ್‌ಪೀಕ್ ಎಟಿ ಟ್ರೇಲ್ ಅಂಥದ್ದೊಂದು. ಕಾರಿನ ಬಾಗಿಲ ಚೌಕಟ್ಟಿನಲ್ಲಿ ಬರೆದ ಅಳತೆಯದ್ದನ್ನೇ ಹಾಕಿಸಿದರು. ಪಕ್ಕೆಯ ಕೊನೆಯ ನಾಲ್ಕು ಅಂಕಿಗಳನ್ನೂ ಅಳಿಯ ಓದಿದ. ಮೊದಲೆರಡು ತಯಾರಾದ ವಾರ, ಮುಂದಿನೆರಡು ವರ್ಷ. ಅಂಗಡಿಯಲ್ಲಿ ಹಳತಾಗಿ ಕುಳಿತ ರಬ್ಬರಿಗೆ ಹೊಸದರ ಬೆಲೆ ಕೊಡುವುದು ತಪ್ಪುತ್ತದೆ. ಊರಿನ ಟಿಕೆಟ್ ಒಂದು ವರ್ಷ ಮುಂದೆ ಹೋಯಿತು. ಆ ರಾತ್ರಿ ನಾನು ಸ್ವಲ್ಪ ಅತ್ತೆ, ನಿಜ.

ಕಳಚಿದ ಹಳೆ ಟೈರುಗಳನ್ನು ಮುದುಕ ಅಳೆದು ತೋರಿಸಿದ. ಸಂದಿಯ ಆಳ ಅಂಗುಲದ 32 ಪಾಲಿನಲ್ಲಿ ಐದು. ಕೊಲೊರಾಡೋದ ಕಾನೂನು ಆರು ಕೇಳುತ್ತದೆ, ಅಂದರೆ ಸುಮಾರು 4.8 ಮಿಲಿಮೀಟರ್. ಐ-70ರಲ್ಲಿ ಡಾಟ್ಸೀರೋದಿಂದ ಮಾರಿಸನ್‌ವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಈ ನಿಯಮ. 2019ರಲ್ಲಿ ಬಿಗಿ ಮಾಡಿದ್ದು. ಹಿಮ ಬಿದ್ದಾಗ ಸರಿಯಾದ ಟೈರಿಲ್ಲದೆ ಸಿಕ್ಕಿಬಿದ್ದರೆ 130 ಡಾಲರಿಗೂ ಮೇಲೆ ದಂಡ. ಜಾರಿ ರಸ್ತೆಗೆ ಅಡ್ಡ ನಿಂತರೆ 650 ಡಾಲರಿಗೂ ಮೇಲೆ. ಅಂದು ಸುರಂಗದ ಆಚೆ ಹಿಮ ಬಿದ್ದಿದ್ದರೆ! ಮೂರು ಸವೆದ ಟೈರು, ಒಂದು ಸೈಕಲ್ ಚಕ್ರ, ಒಳಗೆ ನಾವೆಲ್ಲರೂ.

ಅಕ್ಟೋಬರ್ ಕೊನೆಯ ಶನಿವಾರ ಮೊದಲ ದೊಡ್ಡ ಹಿಮ ಬಿತ್ತು. ಭಾನುವಾರ ಅಳಿಯ ಮಗಳನ್ನು ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದು ಬ್ರೇಕ್ ಅಭ್ಯಾಸ ಮಾಡಿಸಿದ. ನಾವು ಹಿಂದಿನ ಸೀಟಿನಲ್ಲಿ. ಕಾರು ಹೊರಡುವಾಗ ಜಾರಲೇ ಇಲ್ಲ, ಯಜಮಾನರು ‘ಮಾಶಾ ಅಲ್ಲಾಹ್’ ಎಂದರು. ನಿಲ್ಲಿಸುವಾಗ ಪೆಡಲ್ ಗಡಗಡ ನಡುಗಿ, ನಾವೆಣಿಸಿದ್ದಕ್ಕಿಂತ ಮೂರು ಕಾರಿನುದ್ದ ಮುಂದೆ ಹೋಗಿ ನಿಂತಿತು. ಮಗಳು ಹತ್ತು ಸಲ ಹಾಗೆಯೇ ಮಾಡಿದಳು. ಅಂದಿನಿಂದ ಹಿಮದ ದಿನ ಅವಳು ಇಪ್ಪತ್ತು ನಿಮಿಷ ಮೊದಲೇ ಹೊರಡುವಳು. ಹೊಸ ಟೈರಿನ ಗುಂಯ್‌ಗುಡುವ ಸದ್ದಿಗೆ ಅವಳಿಗೆ ಮೊದಲ ವಾರ ಕಿರಿಕಿರಿ, ಆಮೇಲೆ ಅಭ್ಯಾಸವಾಯಿತು. ನನಗೆ ಅದು ಉಪಕಾರವೇ ಆಯಿತು. ಬೆಳಿಗ್ಗೆ ಕಿಟಕಿಯ ಬಳಿ ಕಾಯುತ್ತಿರುವಾಗ, ಕಾರು ಕಾಣುವ ಮೊದಲೇ ಸದ್ದು ಗುರುತು ಸಿಗುತ್ತಿತ್ತು.

ಜನವರಿ ಮಧ್ಯದಲ್ಲಿ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿಯಿತು. ಒಂದು ಬೆಳಿಗ್ಗೆ ಏಳೂವರೆ ದಾಟಿ, ಎಂಟೂವರೆ ಆದರೂ ಮಗಳು ಇಲ್ಲ. ಫೋನೂ ಇಲ್ಲ. ಒಂಬತ್ತಕ್ಕೆ ಬಂದಳು. ಕಾರಿನಲ್ಲಿ ಟೈರಿನ ದೀಪ ಉರಿದಿತ್ತಂತೆ. ಚಳಿಗೆ ಗಾಳಿ ಕುಗ್ಗುತ್ತದೆ, ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು ಒಂದು ಪೌಂಡ್ ಕಡಿಮೆ. ಪೆಟ್ರೋಲ್ ಬಂಕಿನಲ್ಲಿ ನಿಂತು, ಕೈ ಮರಗಟ್ಟುತ್ತಿದ್ದರೂ ನಾಲ್ಕಕ್ಕೂ ಗಾಳಿ ತುಂಬಿಸಿ ಬಂದಿದ್ದಳು. ನಾನು ಬೈಯಲು ಬಾಯಿ ತೆರೆದವಳು ಅವಳ ಕೆಂಪಾದ ಬೆರಳು ನೋಡಿ ಚಹಾ ಕಾಯಿಸಲು ಹೋದೆ.

ಹೊರಡುವ ದಿನ ಟೈರ್ ಅಳೆಯುವ ಪುಟ್ಟ ಕಡ್ಡಿಯೊಂದನ್ನು ಅಳಿಯ ಮಾವನ ಜೇಬಿಗೆ ಹಾಕಿದ. ಮೂಡಿಗೆರೆಗೆ ಬಂದ ಮರುದಿನವೇ ಯಜಮಾನರು ಅದನ್ನು ಹಿಡಿದುಕೊಂಡು ಜೀಪಿನ ಸುತ್ತ ಕುಳಿತು ಎದ್ದು ಮಾಡಿದರು. ಹಿಂದಿನ ಎರಡರಲ್ಲಿ ಎರಡು ಮಿಲಿಮೀಟರೂ ಇರಲಿಲ್ಲ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಇವನ್ನೇ ನಂಬಿ ಮಂಗಳೂರಿಗೆ ಹೋಗಿ ಬಂದವರು ನಾವು. ಆ ವಾರವೇ ಎರಡನ್ನು ಬದಲಾಯಿಸಿದರು. ಮುಂದಿನವು ಇನ್ನೊಂದು ಮಳೆಗಾಲ ಬರುತ್ತವೆ ಎಂದರು. ಕಡ್ಡಿ ಎಲ್ಲಿದೆ, ಕೊಡಿ ಎಂದೆ ನಾನು.